ಅಪ್ಪನ ಅರ್ಜಿ, ಮಗನ ಹಿಡಿ ಮಣ್ಣು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹುಬ್ಬಳ್ಳಿಯ ಒಂದೇ ಮನೆಯಿಂದ ಹೊರಟ ತಂದೆ, ಮಗ ಧಾರವಾಡದ ನನ್ನ ಕೌಟುಂಬಿಕ ಸಮಾಲೋಚನೆಯ ಕೊಠಡಿಗೆ ಬೇರೆ ಬೇರೆ ಬಸ್ಸಿನಲ್ಲಿ ಬಂದಿದ್ದರು. ತಂದೆಗೆ ಎಪ್ಪತ್ತು ದಾಟಿದೆ. ಮೂವತ್ತು ವರ್ಷ ಕಾರ್ಮಿಕ ಸಂಘದ ಕೆಂಪು ಬಾವುಟ ಹಿಡಿದವರು. ಮಗ ಬೆಳಗಾದರೆ ಆರೆಸ್ಸೆಸ್ ಶಾಖೆಗೆ ಹೋಗುವವನು. ಊಟದ ಹೊತ್ತಿಗೆ ಟಿ.ವಿ. ಹಚ್ಚುವುದನ್ನು ಸೊಸೆ ಎಂದೋ ನಿಲ್ಲಿಸಿದ್ದಳಂತೆ. ಈ ಸಲದ ಜಗಳ ಮಾತ್ರ ಟಿ.ವಿ.ಯಿಂದ ಹುಟ್ಟಿದ್ದಲ್ಲ. ತಂದೆ ದೇಹದಾನದ ಅರ್ಜಿ ತಂದಿದ್ದರು. ಅದಕ್ಕೆ ಮಗನ ಸಹಿ ಬೇಕಿತ್ತು.

"ದೇಹ ನನ್ನದು, ನಿರ್ಧಾರವೂ ನನ್ನದೇ" ಎಂದರು ತಂದೆ.

"ಅಪ್ಪನಿಗೆ ಮಣ್ಣು ಕೊಡದ ಮಗ ಎನ್ನಿಸಿಕೊಂಡು ಆ ಓಣಿಯಲ್ಲಿ ನಾನು ಹೇಗೆ ಬಾಳಲಿ, ಮೇಡಂ?" ಎಂದ ಮಗ. ಲಿಂಗಾಯತರ ಮನೆ. ವಿಭೂತಿ ಧರಿಸಿ, ಕುಳ್ಳಿರಿಸಿ, ಮಣ್ಣು ಕೊಡುವುದು ರೂಢಿ.

ಒಂದು ತಪ್ಪೊಪ್ಪಿಗೆ: ನನ್ನ ಒಲವು ತಂದೆಯ ಕಡೆಗಿತ್ತು. ಮೊದಲ ಭೇಟಿಯಲ್ಲಿ ಮಗನ ಮಾತನ್ನು ಎರಡು ಸಲ ಕತ್ತರಿಸಿದೆ. ಅವನ ದುಃಖವನ್ನು ಅವನ ಪಕ್ಷದ ಖಾತೆಗೆ ಬರೆದುಬಿಟ್ಟಿದ್ದೆ.

ಎರಡನೆಯ ಭೇಟಿಯಲ್ಲಿ ಹಳೆಯದೊಂದು ಹೊರಬಂತು. ಮಗಳು ದೀಕ್ಷೆ ಪಡೆಯುತ್ತೇನೆಂದಾಗ ಇದೇ ತಂದೆ ಮೂರು ತಿಂಗಳು ಅವಳೊಡನೆ ಮಾತು ಬಿಟ್ಟಿದ್ದರು. ಅವರವರ ಬದುಕು ಅವರವರದು ಎನ್ನುವ ತಂದೆ ಮಗಳಿಗೆ ಅಡ್ಡ ನಿಂತಿದ್ದರು. ಹಿರಿಯರ ಮಾತು ಮೀರಬಾರದು ಎನ್ನುವ ಮಗ ಈಗ ಹಿರಿಯರ ಮಾತನ್ನೇ ಮೀರುತ್ತಿದ್ದ. ಇದನ್ನು ಹೇಳಿದಾಗ ಇಬ್ಬರೂ ಫ್ಯಾನ್ ನೋಡಿದರು.

ಆಗ 2010ರ ಕಥೆ ಹೇಳಿದೆ. ಆ ಜನವರಿಯಲ್ಲಿ ಕಮ್ಯುನಿಸ್ಟ್ ನಾಯಕ ಜ್ಯೋತಿ ಬಸು ತೀರಿಕೊಂಡರು. ದೇಹ ಕೋಲ್ಕತ್ತದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಹೋಯಿತು. ಮುಂದಿನ ತಿಂಗಳೇ ಆರೆಸ್ಸೆಸ್, ಜನಸಂಘಗಳಲ್ಲಿ ಬೆಳೆದ ನಾನಾಜಿ ದೇಶಮುಖ್ ತೀರಿಕೊಂಡರು. ಅವರ ದೇಹ ದೆಹಲಿಯ ಏಮ್ಸ್‌ಗೆ. ಒಬ್ಬರಿಗೆ ಅದು ಪುರೋಹಿತರಿಲ್ಲದ ಸಾವು. ಇನ್ನೊಬ್ಬರ ಬಳಗಕ್ಕೆ ಇಂದ್ರನ ವಜ್ರಾಯುಧಕ್ಕಾಗಿ ಬೆನ್ನೆಲುಬು ಕೊಟ್ಟ ದಧೀಚಿಯ ದಾರಿ. ಮಗ ತಲೆ ಎತ್ತಿದ. ತಂದೆಗೆ ದಧೀಚಿ ಹಿಡಿಸಲಿಲ್ಲ.

ಸಲಹೆಯನ್ನು ತಂದೆಗೇ ಮೊದಲು ಕೊಟ್ಟೆ. ಸಹಿ ಸಿಕ್ಕರೆ ಕೆಲಸ ಮುಗಿಯಲಿಲ್ಲ. ಸಾವಿನ ದಿನ ಕಾಲೇಜಿಗೆ ಫೋನ್ ಮಾಡುವವನು ಮಗನೇ. ಕಣ್ಣುಗಳನ್ನೂ ಕೊಡುವುದಾದರೆ ಸುಮಾರು ಆರು ಗಂಟೆಯೊಳಗೆ ತೆಗೆಯಬೇಕು. ಅಳುವ ಮನೆಯಲ್ಲಿ ಅಷ್ಟು ಬೇಗ ಕೈ ಆಡಬೇಕಾದರೆ ಆ ಕೈಗೆ ಮನಸ್ಸಿರಬೇಕು. ಮಗನನ್ನು ವಾದದಲ್ಲಿ ಸೋಲಿಸಿ ಅದನ್ನು ಪಡೆಯಲಾಗದು.

ಮಗನಿಗೆ ಹೇಳಿದ್ದು ಇಷ್ಟು: ದೇಹದ ವಿಷಯದಲ್ಲಿ ಕೊನೆಯ ಮಾತು ಅಪ್ಪನದು, ಅವರ ಪಕ್ಷ ಯಾವುದೇ ಇರಲಿ. ಆದರೆ ದೇಹ ಮನೆಯಿಂದ ಹೊರಡುವ ಮುನ್ನ ವಿಭೂತಿ ಹಚ್ಚಿ ಪೂಜೆ ಮಾಡಲು ಅಡ್ಡಿಯಿಲ್ಲ. ಅದನ್ನು ಅಪ್ಪನಿಂದ ಕೇಳಿ ಪಡೆದುಕೊ.

"ವಿಭೂತಿ ಬೇಡ" ಎಂದರು ತಂದೆ ಥಟ್ಟನೆ.

"ಸತ್ತ ಮೇಲೆ ಏನೂ ಇಲ್ಲ ಎನ್ನುವವರು ನೀವು. ಮತ್ತೆ ವಿಭೂತಿ ಹಚ್ಚಿದರೆ ಏನು ಹೋಯಿತು, ಯಜಮಾನರೇ?" ಎಂದೆ. ನಕ್ಕುಬಿಟ್ಟರು. ಒಪ್ಪಿದರೆಂದು ತಿಳಿದು ನಾನು ಕಡತದಲ್ಲಿ "ಬಹುತೇಕ ಇತ್ಯರ್ಥ" ಎಂದು ಬರೆದೆ. ಅವಸರವಾಯಿತು.

ಮೂರನೆಯ ಭೇಟಿಗೆ ತಾಯಿಯೂ ಬಂದರು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತು, ಸೆರಗು ಸರಿಪಡಿಸಿಕೊಂಡು ಗಂಡನನ್ನೇ ಕೇಳಿದರು: "ಅಣ್ಣಿಗೇರಿ ಕಡೆಯ ನಮ್ಮ ಹೊಲದಲ್ಲಿ ಅತ್ತೆ, ಮಾವನ ಪಕ್ಕ ಇಬ್ಬರಿಗೂ ಜಾಗ ತೋರಿಸಿದವರು ನೀವೇ. ನನ್ನ ಪಕ್ಕದಲ್ಲಿ ಯಾರು?"

ಅದುವರೆಗೆ ಅವರನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ತಂದೆ ಮೇಜಿನ ಮೇಲಿದ್ದ ಅರ್ಜಿಯನ್ನು ಮಡಚಿ ಕಿಸೆಗೆ ಇಟ್ಟುಕೊಂಡರು. ಮುಂದಿನ ವಾರಕ್ಕೆ ಗಂಡ ಹೆಂಡತಿ ಇಬ್ಬರಿಗೇ ಸಮಯ ಕೊಟ್ಟಿದ್ದೇನೆ.