ನೆಲವೇ ಡೊಂಕಿದ್ದರೆ?

ಓದುಗರ ಪತ್ರ: “ಹಳೆಯ ಗೇಮ್‌ಗಳ ವಿಮರ್ಶೆಯ ಕೊನೆಗೆ ಯಾವ ಟಿವಿ, ಯಾವ ಕೇಬಲ್, ಯಾವ ದೇಶದ ಕಾರ್ಟ್ರಿಜ್ ಎಂಬ ಪುರಾಣ ಯಾಕೆ? ನೀವು ಹೊಗಳಿದ ಕ್ಯಾಸಲ್‌ವೇನಿಯಾ 3 ಅನ್ನು ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ), ಬೇಕಾದಲ್ಲಿ ಆಟ ಉಳಿಸುವ ಸೇವ್ ಸ್ಟೇಟ್ ಹಾಕಿಕೊಂಡು ಒಂದೇ ಸಂಜೆಗೆ ಮುಗಿಸಿದೆ. ಸಂಗೀತ ಸಾಧಾರಣ, ಚಿತ್ರ ಮಿನುಗುತ್ತದೆ, ಬಟನ್ ಒತ್ತಿದರೆ ನಾಯಕ ತಡವಾಗಿ ಜಿಗಿಯುತ್ತಾನೆ.”

ಸಂಪಾದಕರು: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೇ ಡೊಂಕಿತ್ತು. ನೀವು ಬೈದದ್ದು ಕುಣಿದವಳನ್ನು.

ಸಂಗೀತ ಸಾಧಾರಣ ಎಂದಿರಿ. ಯಾವುದರ ಸಂಗೀತ? 1989ರ ಜಪಾನಿನ ಕಾರ್ಟ್ರಿಜ್‌ನೊಳಗೆ ವಿಆರ್‌ಸಿ6 ಎಂಬ ಚಿಪ್ ಇತ್ತು. ನಿಂಟೆಂಡೊದ ಗೇಮ್ ಯಂತ್ರ ಫ್ಯಾಮಿಕಾಮ್‌ನ ಐದು ಧ್ವನಿಗಳ ಜೊತೆಗೆ ಅದು ಇನ್ನೂ ಮೂರು ಸೇರಿಸುತ್ತಿತ್ತು. ಅದೇ ಯಂತ್ರದ ಅಮೆರಿಕದ ರೂಪವಾದ ಎನ್‌ಇಎಸ್‌ನಲ್ಲಿ, ಕಾರ್ಟ್ರಿಜ್‌ನ ಸದ್ದು ಒಳಬರುವ ದಾರಿಯೇ ಅದನ್ನು ತೂರಿಸುವ ಸ್ಲಾಟ್‌ನಲ್ಲಿಲ್ಲ. ಹಾಗಾಗಿ 1990ರಲ್ಲಿ ಅಲ್ಲಿಗೆ ಹೋದದ್ದು ಆ ಮೂರನ್ನು ಕಳೆದುಕೊಂಡ ಸಂಗೀತ. ಆಟದ ಪಾತ್ರ ಗ್ರಾಂಟ್ ಜಪಾನಿನಲ್ಲಿ ಕಠಾರಿ ಎಸೆಯುತ್ತಾನೆ, ಅಮೆರಿಕದಲ್ಲಿ ಹತ್ತಿರ ಹೋಗಿ ಚುಚ್ಚಬೇಕು. ಹೆಸರು ಹೇಳದ ರೋಮ್ ಫೈಲ್‌ನ (ಕಾರ್ಟ್ರಿಜ್‌ನ ನಕಲು) ಮೇಲೆ ತೀರ್ಪು ಕೊಟ್ಟರೆ, ಎರಡರಲ್ಲಿ ಯಾವುದಕ್ಕೆ ಕೊಟ್ಟಿರಿ ಎಂದು ಓದುವವನಿಗೆ ಹೇಗೆ ತಿಳಿಯಬೇಕು?

ಜಿಗಿತ ತಡವಾಗುವುದು ಹೆಚ್ಚಾಗಿ ಟಿವಿಯ ಕೆಲಸ. ಒಂದು ಫ್ರೇಮ್ (ಪರದೆಯ ಒಂದು ಚಿತ್ರ) ಎಂದರೆ 16.7 ಮಿಲಿಸೆಕೆಂಡ್, ಟಿವಿ ಚಿತ್ರವನ್ನು ತಿದ್ದಿ ತೀಡಲು 100 ಮಿಲಿಸೆಕೆಂಡ್ ತೆಗೆದುಕೊಂಡರೆ ಆರು ಫ್ರೇಮ್ ಹೋಯಿತು, ಅಷ್ಟರಲ್ಲಿ ಹಾರಿಬರುವ ಮೆಡೂಸಾ ತಲೆ ಬಡಿದು ನೀವು ಹಳ್ಳದಲ್ಲಿ. ಮೊದಲು ಟಿವಿಯ ಗೇಮ್ ಮೋಡ್ ಹಾಕಿ, ಚಿತ್ರವನ್ನು ಪರದೆಯ ಲಯಕ್ಕೆ ಕಾಯಿಸುವ ವಿ-ಸಿಂಕ್ ತೆಗೆದು ನೋಡಿ, ಬ್ಲೂಟೂತ್ ಬಿಟ್ಟು ತಂತಿಯ ಪ್ಯಾಡ್ ಹಿಡಿಯಿರಿ. ಆಮೇಲೂ ತಡವಾದರೆ ಗೇಮನ್ನು ಬೈಯಿರಿ.

ಮಿನುಗುವುದು ಮಾತ್ರ ನಿಜ, ಒಪ್ಪಿದೆ. ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಸ್ಪ್ರೈಟ್ (ಚಲಿಸುವ ಚಿತ್ರದ ತುಣುಕು) ಆ ಯಂತ್ರ ಬಿಡಿಸದು. ಒಂಬತ್ತನೆಯದು ಪೂರ್ತಿ ಮಾಯವಾಗದಿರಲೆಂದು ಪ್ರೋಗ್ರಾಮರ್‌ಗಳು ಪ್ರತಿ ಫ್ರೇಮಿಗೂ ಸರದಿ ಬದಲಿಸಿದರು, ಅದೇ ಮಿನುಗು. ಎಮ್ಯುಲೇಟರ್‌ನಲ್ಲಿ ಮಿತಿ ತೆಗೆಯುವ ಆಯ್ಕೆ ಇದೆ. ಆದರೆ ಕ್ಯಾಸಲ್‌ವೇನಿಯಾ 2ರಲ್ಲಿ ಕೆಸರಿಗಿಳಿದ ನಾಯಕ ಸೈಮನ್‌ನ ಕಾಲು ಮುಚ್ಚಿದ್ದೇ ಈ ಮಿತಿಯಿಂದ. ಅದನ್ನು ತೆಗೆದರೆ ಕೆಸರು ಕೆಸರಾಗಿ ಉಳಿಯದು. ಸೆಗಾದ ಯಂತ್ರ ಮೆಗಾ ಡ್ರೈವ್‌ನ ಸೋನಿಕ್ ಗೇಮ್‌ನ ಜಲಪಾತವೂ ಹಾಗೇ: ಹಳೆಯ ಟಿವಿಯ ಕಾಂಪೋಸಿಟ್ ಕೇಬಲ್‌ನಲ್ಲಿ ಉದ್ದಗೆರೆಗಳು ಕಲಸಿ ತೆಳುನೀರಾಗುತ್ತವೆ, ಚೂಪಾದ ಪಿಕ್ಸೆಲ್‌ನಲ್ಲಿ ಬಿದಿರಿನ ತಟ್ಟಿ.

ಎಮ್ಯುಲೇಟರ್‌ಗಳ ಉಪಕಾರ ದೊಡ್ಡದು. ಕೆಲವು ಕಾರ್ಟ್ರಿಜ್‌ಗಳಲ್ಲಿ ಸೇವ್ ಕಾಯುವ ಸಿಆರ್2032 ಬ್ಯಾಟರಿ ಸತ್ತರೆ ಸೇವ್ ಹೋಯಿತು, ಎಮ್ಯುಲೇಟರ್‌ಗೆ ಆ ಭಯವಿಲ್ಲ. ಸರಿ. ಆದರೆ ಹತ್ತು ಹೆಜ್ಜೆಗೊಮ್ಮೆ ಸೇವ್ ಸ್ಟೇಟ್ ಹಾಕಿದವರಿಗೆ, ಏಟು ಬಿದ್ದಾಗ ಹಿಂದಕ್ಕೆ ಹಾರುವುದು ಯಾಕೆ ಹೆದರಿಸುತ್ತದೆ ಎಂಬುದು ಗೊತ್ತಾಗುವುದೇ ಇಲ್ಲ. ಆಟ ಮುಂದುವರಿಸಲು ಈ ಗೇಮ್ ತಾನೇ ಪಾಸ್‌ವರ್ಡ್ ಕೊಡುತ್ತದೆ, ಸ್ವಾಮಿ!

ನಿಮ್ಮೊಬ್ಬರನ್ನೇ ಅಂದು ಫಲವೇನು? ಹತ್ತಕ್ಕೆ ಏಳು ಅಂಕ ಕೊಟ್ಟು ‘ಆ ಕಾಲಕ್ಕೆ ಚೆನ್ನಾಗಿತ್ತು’ ಎಂದು ಕೈತೊಳೆಯುವ ವಿಮರ್ಶಕರು ಎಲ್ಲೆಲ್ಲೂ ಇದ್ದಾರೆ. ಸೆಕೆಂಡಿಗೆ 60ರ ಬದಲು 50 ಚಿತ್ರ ತೋರಿಸುವ ಯುರೋಪಿನ 50 ಹರ್ಟ್ಜ್ ಯಂತ್ರದಲ್ಲಿ 1991ರ ಸೋನಿಕ್ ಆರನೇ ಒಂದು ಪಾಲು ನಿಧಾನ, ಸಂಗೀತವೂ ಸೇರಿ. ಅದನ್ನಾಡಿ ‘ವೇಗ ಸಾಲದು’ ಎಂದು ಬರೆದವನು ಸುಳ್ಳು ಹೇಳಿಲ್ಲ, ಯಂತ್ರದ ಹೆಸರು ಹೇಳಿಲ್ಲ ಅಷ್ಟೆ.

ನಿಮ್ಮ ಕಿವಿ, ಕಣ್ಣು ಚುರುಕಾಗಿವೆ. ಮೂರು ದೂರಲ್ಲಿ ಒಂದು ಸರಿಯಾಗೇ ಇತ್ತು. ಜಪಾನಿನ ಆವೃತ್ತಿಯನ್ನು 60 ಹರ್ಟ್ಜ್‌ನಲ್ಲಿ, ಸೇವ್ ಸ್ಟೇಟ್ ಇಲ್ಲದೆ ಮೂರನೇ ಹಂತದವರೆಗಾದರೂ ಆಡಿ ಬರೆಯಿರಿ. ಅಚ್ಚು ಹಾಕುತ್ತೇವೆ, ಕೊನೆಯ ನಾಲ್ಕು ಸಾಲಿನ ಪುರಾಣ ಸಮೇತ.