ಹಳೆಯ ಡೀಸೆಲ್ ಮೋವರ್: ಬಿಸಿಯಾದ ಮೇಲೆ ಪರೀಕ್ಷಿಸಿ, ಆಮೇಲೆ ಕೊಳ್ಳಿ

ಅಣ್ಣಾ, ಕುಷ್ಟಗಿ ಹತ್ತಿರದ ನಿಮ್ಮ ತೋಟದ ಮೂರು ಎಕರೆ ಹುಲ್ಲಿಗೆ, ಕಾರ್ಖಾನೆಯ ವಸತಿಗೃಹಗಳವರು ಮಾರುತ್ತಿರುವ ಕೂತು ಓಡಿಸುವ ಡೀಸೆಲ್ ಮೋವರ್ (ಹುಲ್ಲು ಕತ್ತರಿಸುವ ಗಾಡಿ) ಕೊಳ್ಳಬಹುದೇ, ಮೀಟರ್ 1,400 ಗಂಟೆ ತೋರಿಸುತ್ತಿದೆ ಎಂದು ಕೇಳಿದ್ದೀರಿ. ಗಂಟೆಗೆ ಹೆದರಬೇಡಿ. ಕಾಲಕಾಲಕ್ಕೆ ಆಯಿಲ್ ಬದಲಿಸಿದ್ದರೆ, ರೇಡಿಯೇಟರ್ ಇರುವ ಮೂರು ಸಿಲಿಂಡರ್ ಡೀಸೆಲ್ ಎಂಜಿನ್‌ಗೆ ಅದು ದೊಡ್ಡ ವಯಸ್ಸಲ್ಲ. ಆದರೆ ಪೆಡಲ್ ರಬ್ಬರ್ ಪೂರ್ತಿ ಸವೆದು ಕಬ್ಬಿಣ ಹೊಳೆಯುತ್ತಿದ್ದರೆ ಮೀಟರನ್ನು ನಂಬಬೇಡಿ.

ನಾವು ಬರುವ ತನಕ ಎಂಜಿನ್ ಶುರು ಮಾಡಬೇಡಿ ಎಂದು ಮಾರುವವರಿಗೆ ಫೋನಿನಲ್ಲೇ ಹೇಳಿಬಿಡಿ. ಹೋದ ಕೂಡಲೇ ಬಾನೆಟ್ ಎತ್ತಿ ಮುಟ್ಟಿ ನೋಡಿ; ಬೆಚ್ಚಗಿದ್ದರೆ ಸಂಶಯಪಡಿ, ತಣ್ಣಗಿರುವಾಗ ಶುರುವಾಗದ ದೋಷ ಮುಚ್ಚಿಡಲು ಮೊದಲೇ ಓಡಿಸಿರಬಹುದು. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದೆ ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿನ ಅಡಿಯ ಸೀಲ್) ಹೋಗಿರಬಹುದು. ಕಪ್ಪು ಹೊಗೆಗೆ ನಮ್ಮ ಧೂಳಿನಲ್ಲಿ ಎಷ್ಟೋ ಸಲ ಏರ್ ಫಿಲ್ಟರ್ ಕಟ್ಟಿಕೊಂಡಿರುವುದೇ ಕಾರಣ, ಅದು ಸಣ್ಣ ಖರ್ಚು.

ಎಲ್ಲರೂ ಎಂಜಿನ್ ಸದ್ದು ಕೇಳಿ ಹಣ ಕೊಟ್ಟುಬಿಡುತ್ತಾರೆ. ಜೇಬು ಸುಡುವುದು ಹೈಡ್ರೋಸ್ಟಾಟಿಕ್ ಡ್ರೈವ್. ಗೇರ್ ಇಲ್ಲದೆ ಬರೀ ಪೆಡಲ್ ಒತ್ತಿದರೆ ಓಡುವ ಗಾಡಿಯಲ್ಲಿ ಚಕ್ರ ತಿರುಗಿಸುವುದು ಆಯಿಲ್‌ನ ಒತ್ತಡ. ಪಂಪ್ ಸವೆದಿದ್ದರೂ ತಣ್ಣಗಿರುವಾಗ ಆಯಿಲ್ ದಪ್ಪವಿರುತ್ತದೆ, ಗಾಡಿ ಹುರುಪಿನಿಂದ ಓಡುತ್ತದೆ. ಕಾದು ತೆಳುವಾದ ಮೇಲೆ ಒಳಗೊಳಗೇ ಸೋರಿ ಶಕ್ತಿ ಬಿಡುತ್ತದೆ. ಆದ್ದರಿಂದ ಬ್ಲೇಡ್ ಹಾಕಿಕೊಂಡು ಮುಕ್ಕಾಲು ಗಂಟೆ ಹುಲ್ಲು ಕತ್ತರಿಸಿ, ಆಮೇಲೆ ಸಣ್ಣ ಏರಿಗೆ ಹತ್ತಿಸಿ. ಅಲ್ಲಿ ಎಂಜಿನ್ ಕೂಗುತ್ತಾ ಗಾಡಿ ತೆವಳಿದರೆ, ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬೇಡ. ಈ ಪರೀಕ್ಷೆಯನ್ನು ಮಧ್ಯಾಹ್ನದ ಬಿಸಿಲಿನಲ್ಲೇ ಮಾಡಿ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲೇ ಅದು ದುಡಿಯಬೇಕು. ಭತ್ತ ಕೊಯ್ಯುವ ಚೈನ್ ಗಾಡಿಗಳಲ್ಲೂ ಇದೇ ಬಗೆಯ ಡ್ರೈವ್ ಇರುವುದರಿಂದ, ಗಂಗಾವತಿ ಅಥವಾ ಸಿಂಧನೂರಿನ ಕಡೆಯ ಹಾರ್ವೆಸ್ಟರ್ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋದರೆ ಒಳ್ಳೆಯದು.

ಇನ್ನು ಡೆಕ್, ಅಂದರೆ ಬ್ಲೇಡುಗಳನ್ನು ಮುಚ್ಚಿರುವ ತಗಡಿನ ಭಾಗ. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು ನಿಮ್ಮ ಜೇಬಿಗೆ ಹಾಕಿಕೊಂಡ ಮೇಲೆಯೇ ಕೆಳಗೆ ಕೈ ಹಾಕಿ. ಬ್ಲೇಡಿನ ಎರಡೂ ತುದಿ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಟಕ್ ಟಕ್ ಎಂದರೆ ಬೇರಿಂಗ್ ಹೋಗಿದೆ. ಅದರ ಮೇಲಿನ ಸಂಖ್ಯೆ ತೋರಿಸಿದರೆ ಸಾಮಾನ್ಯವಾಗಿ ಬೇರಿಂಗ್ ಅಂಗಡಿಯಲ್ಲೇ ಸಿಗುತ್ತದೆ. ಒಣಗಿದ ಹುಲ್ಲಿನ ಪದರವನ್ನು ಸ್ಕ್ರೂಡ್ರೈವರ್‌ನಿಂದ ಕೆರೆದು ತಗಡನ್ನು ಚುಚ್ಚಿ ನೋಡಿ. ಎಷ್ಟೋ ಸಲ ಹೊಸ ಬಣ್ಣದ ಅಡಿಯಲ್ಲಿ ತುಕ್ಕು ಮಾತ್ರ ಉಳಿದಿರುತ್ತದೆ.

ಬ್ಲೇಡ್ ತಿರುಗುತ್ತಿರುವಾಗ ಸೀಟಿನಿಂದ ತುಸು ಎದ್ದರೆ ಎಂಜಿನ್ ನಿಲ್ಲಬೇಕು. ನಿಲ್ಲದಿದ್ದರೆ ಸೀಟಿನ ಸುರಕ್ಷತಾ ಸ್ವಿಚ್ ಕೆಲಸ ಮಾಡದಂತೆ ಯಾರೋ ಅದರ ವೈರ್ ಸೇರಿಸಿಬಿಟ್ಟಿರಬಹುದು. ಅದನ್ನು ಸರಿಪಡಿಸದೆ ಆಳುಗಳ ಕೈಗೆ ಗಾಡಿ ಕೊಡಬೇಡಿ, ಕಾಲು ಹೋಗುತ್ತದೆ.

ಅಗಲ ಟೈರುಗಳಿಗೆ ಬಳ್ಳಾರಿ ಜಾಲಿಯ ಮುಳ್ಳು ದೊಡ್ಡ ಶತ್ರು. ಬೇಲಿಯ ಉದ್ದಕ್ಕೂ ಮೊದಲು ಗುಡಿಸಿ, ಕಲ್ಲು ಆರಿಸಿ. ನಿಮ್ಮಲ್ಲಿರುವುದು ಗರಿಕೆಯ ಹಾಸಲ್ಲದೆ ಮೊಣಕಾಲೆತ್ತರದ ಕಾಂಗ್ರೆಸ್ ಕಸವಾದರೆ ಈ ಯಂತ್ರದ ಯೋಚನೆಯೇ ಬೇಡ, ಮಿನಿ ಟ್ರ್ಯಾಕ್ಟರ್‌ಗೆ ಸ್ಲ್ಯಾಷರ್ (ದಪ್ಪ ಕಸ ಕತ್ತರಿಸುವ ಉಪಕರಣ) ಕಟ್ಟಿ. ಗಾಡಿಯ ಮಾದರಿ ಸಂಖ್ಯೆ ಇರುವ ಫಲಕದ ಫೋಟೊ ಇಲ್ಲಿ ಹಾಕಿ. ಬೆಲ್ಟ್, ಬ್ಲೇಡ್ ಎಲ್ಲಿ ಸಿಗುತ್ತವೆ ಎಂದು ವಿಚಾರಿಸಿ ಹೇಳುತ್ತೇನೆ.