ಓದುಗರ ಪ್ರಶ್ನೆ: ಥ್ರಿಲ್ಲರ್ ಸಿನಿಮಾದ ಟೈಟಲ್ ಕಾರ್ಡ್

ಪ್ರಶ್ನೆ: ಹತ್ತು ನಿಮಿಷದ ಥ್ರಿಲ್ಲರ್ ಕಿರುಚಿತ್ರ ಮಾಡುತ್ತಿದ್ದೇವೆ. ಶುರುವಿನ ಟೈಟಲ್ ಎಷ್ಟು ಹೊತ್ತು ಇರಬೇಕು? ಯಾರ ಹೆಸರು ಮೊದಲು?
– ಓದುಗರು, ದಾವಣಗೆರೆ

ಉತ್ತರ: 40 ಸೆಕೆಂಡ್ ದಾಟಿಸಬೇಡಿ. ಒಂದು ಕಾರ್ಡಿಗೆ (ಪರದೆ ಮೇಲೆ ಒಮ್ಮೆಗೆ ಬರುವ ಹೆಸರಿಗೆ) ಮೂರು ಸೆಕೆಂಡ್, ಅಂದರೆ ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ 72 ಫ್ರೇಮ್ ಕೊಟ್ಟರೆ, ಹನ್ನೆರಡು ಕಾರ್ಡು 36 ಸೆಕೆಂಡಿಗೆ ಮುಗಿಯುತ್ತವೆ. ರೂಢಿಯ ಕ್ರಮ ಹೀಗೆ: ಅರ್ಪಿಸುವವರು, ಮುಖ್ಯ ಕಲಾವಿದರು, ಚಿತ್ರದ ಹೆಸರು, ಉಳಿದ ತಾರಾಗಣ, ಸಂಗೀತ, ಸಂಕಲನ, ಛಾಯಾಗ್ರಹಣ, ನಿರ್ಮಾಣ, ಕೊನೆಗೆ ನಿರ್ದೇಶನ. ಇದನ್ನು ಮುರಿಯಲು ಥ್ರಿಲ್ಲರ್‌ನಲ್ಲಿ ಒಂದೇ ಒಳ್ಳೆಯ ಕಾರಣವಿದೆ: ಹೆಸರೇ ಗುಟ್ಟು ಬಿಟ್ಟುಕೊಡುತ್ತಿದ್ದರೆ. 1995ರ ‘ಸೆವೆನ್’ನಲ್ಲಿ ಕೊಲೆಗಾರನ ಪಾತ್ರ ಮಾಡಿದ ಕೆವಿನ್ ಸ್ಪೇಸಿ ಹೆಸರು ಶುರುವಿನಲ್ಲಿ ಇಲ್ಲವೇ ಇಲ್ಲ, ಕೊನೆಯ ಪಟ್ಟಿಯಲ್ಲಿದೆ. ಆದರೆ ನಿಮ್ಮ ಖಳ ಹೊಸ ಹುಡುಗನಾದರೆ ಹೆಸರು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವನಿಗೆ ಬೇಜಾರಾಗುತ್ತದೆ, ಅಷ್ಟೆ.

ಪ್ರಶ್ನೆ: ಹೆಸರುಗಳ ಹಿಂದೆ ಏನು ತೋರಿಸಬೇಕು? ಚಾಕು, ರಕ್ತ ಬಿಟ್ಟರೆ ಬೇರೇನೂ ಹೊಳೆಯುತ್ತಿಲ್ಲ.
– ಓದುಗರು, ಶಿರಸಿ

ಉತ್ತರ: ಚಾಕು, ರಕ್ತ ಎರಡನ್ನೂ ಬಿಡಿ. ‘ಸೈಕೋ’ಗೆ (1960) ಟೈಟಲ್ ವಿನ್ಯಾಸಕ ಸಾಲ್ ಬಾಸ್ ಬಳಸಿದ್ದು ಅಡ್ಡ ಮತ್ತು ಉದ್ದಕ್ಕೆ ಓಡುವ ಪಟ್ಟಿಗಳನ್ನು ಮಾತ್ರ. ಹೆಸರುಗಳು ಸೀಳಿಹೋಗುತ್ತವೆ, ಕೂಡಿಕೊಳ್ಳುತ್ತವೆ. ಜೊತೆಗೆ ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್‌ರ ತಂತಿವಾದ್ಯಗಳು. ಒಂದು ಹನಿ ರಕ್ತವಿಲ್ಲ, ಆದರೂ ಮೈ ಬಿಗಿಯುತ್ತದೆ. ‘ಸೆವೆನ್’ನ ಟೈಟಲ್ ಮಾಡಿದ ಕೈಲ್ ಕೂಪರ್ ಹಿಡಿದ ದಾರಿ ಬೇರೆ. ಕೊಲೆಗಾರನ ಮುಖ ತೋರಿಸದೆ ಕೈಗಳನ್ನಷ್ಟೇ ತೋರಿಸಿದರು: ನೋಟ್‌ಬುಕ್ಕಿಗೆ ಹೊಲಿಗೆ, ಬೆರಳ ತುದಿಯ ಚರ್ಮ ಹೆರೆಯುವ ಬ್ಲೇಡು. ಆಗ ಅದು ವಿಚಿತ್ರ ಅನ್ನಿಸುತ್ತದೆ, ಅಷ್ಟೇ. ಅವನ ಮನೆಯಲ್ಲಿ ಬೆರಳಚ್ಚು ಯಾಕೆ ಸಿಗಲಿಲ್ಲ ಎನ್ನುವುದು ತಿಳಿಯುವಾಗ ಸಿನಿಮಾ ಬಹಳ ದೂರ ಬಂದಿರುತ್ತದೆ. ಟೈಟಲ್ ಸಾಕ್ಷ್ಯ ಕೊಡಬೇಕು, ಅರ್ಥ ಕೊಡಬಾರದು.

ನಿಮ್ಮ ಕಥೆಯಲ್ಲಿ ಮುಂದೆ ಬರುವ ಒಂದೇ ವಸ್ತು ಆರಿಸಿ: ಬೀಗದ ಕೈ, ಔಷಧಿ ಚೀಟಿ, ಏನಾದರೂ. ಕೋಣೆಯ ಟ್ಯೂಬ್‌ಲೈಟ್ ನಂದಿಸಿ ಟೇಬಲ್ ಲ್ಯಾಂಪಿನ ಬೆಳಕನ್ನು ಒಂದೇ ಬದಿಯಿಂದ ಬಿಟ್ಟು, ತೀರಾ ಹತ್ತಿರದಿಂದ ಹದಿನೈದು ಶಾಟ್ ತೆಗೆಯಿರಿ. ಕ್ಯಾಮೆರಾದ ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇರಲಿ; ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಬೇರೆ ವೇಗದಲ್ಲಿ ದೀಪ ಮಿನುಗಿ ಪಟ್ಟೆ ಬೀಳಬಹುದು. ಎರಡು-ಮೂರು ಫ್ರೇಮಿನ ಝಲಕ್ ಬೇಕಿದ್ದರೆ ಎರಡು ಹೆಸರುಗಳ ನಡುವೆ ಹಾಕಿ. ಹೆಸರಿನ ಕೆಳಗೇ ಹಾಕಿದರೆ ಕಣ್ಣು ಅತ್ತ ಹೋಗುತ್ತದೆ, ಹೆಸರು ಓದುವವರಿಲ್ಲ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಕನ್ನಡದ ಟೈಟಲ್ ಮಾಡಿದರೆ ಒತ್ತಕ್ಷರಗಳು ಪಕ್ಕಕ್ಕೆ ಜಿಗಿಯುತ್ತವೆ. ಕೆಂಪು ಅಕ್ಷರ ಯೂಟ್ಯೂಬಿನಲ್ಲಿ ಮಸುಕು.
– ಓದುಗರು, ಮೈಸೂರು

ಉತ್ತರ: ಪ್ರೀಮಿಯರ್, ಆಫ್ಟರ್ ಎಫೆಕ್ಟ್ಸ್‌ನಂಥ ವಿಡಿಯೋ ತಂತ್ರಾಂಶ ಬಳಸುತ್ತಿದ್ದರೆ ಪ್ರಿಫರೆನ್ಸಸ್‌ಗೆ ಹೋಗಿ, ಟೆಕ್ಸ್ಟ್ ಎಂಜಿನ್ ಆಯ್ಕೆ ಇದ್ದರೆ ಅದನ್ನು ‘ಸೌತ್ ಏಷಿಯನ್’ಗೆ ಬದಲಿಸಿ. ಆಮೇಲೂ ಅಕ್ಷರ ಅಕ್ಷರವಾಗಿ ಮೂಡಿಸಿದಾಗ ‘ರಾತ್ರಿ’ಯ ‘ತ್ರಿ’ ಒಡೆದರೆ, ಪಠ್ಯವನ್ನು ಶೇಪ್ ಮಾಡಿ (ಅಂದರೆ ಅಕ್ಷರವನ್ನು ಬರೀ ಆಕಾರಕ್ಕೆ ಬದಲಿಸಿ), ‘ರಾ’ ಒಂದು ಗುಂಪು, ‘ತ್ರಿ’ ಒಂದು ಗುಂಪು ಎಂದು ಕೈಯಾರೆ ಕಟ್ಟಿ. ಇಂಗ್ಲಿಷ್ ಥ್ರಿಲ್ಲರ್‌ಗಳಂತೆ ಅಕ್ಷರಗಳ ನಡುವೆ ಅಂಗೈಯಗಲ ಜಾಗ ಬಿಡುವ ಆಸೆ ಬೇಡ, ಕನ್ನಡದ ಪದ ಚೆಲ್ಲಾಪಿಲ್ಲಿಯಾಗುತ್ತದೆ. ಎರಡು ಸಾಲಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನದರ ಗುಡಿಸಿಗೆ ತಾಗದಷ್ಟು ಅಂತರ ಕೊಡಿ.

ಕೆಂಪಿನ ತಪ್ಪು ನಿಮ್ಮದಲ್ಲ. ವಿಡಿಯೋ ಕಂಪ್ರೆಸ್ ಆಗುವಾಗ ಬೆಳಕಿನ ವಿವರ ಹೆಚ್ಚು ಉಳಿಯುತ್ತದೆ, ಬಣ್ಣದ ವಿವರ ಕಾಲು ಭಾಗಕ್ಕೆ ಇಳಿಯುತ್ತದೆ. ಕಪ್ಪಿನ ಮೇಲಿನ ಕಡುಗೆಂಪಿಗೆ ಬೆಳಕು ಕಡಿಮೆ, ಹಾಗಾಗಿ ಅಂಚು ಕದಡುತ್ತದೆ. ಕೆಂಪು ಚಿತ್ರದ ಹೆಸರಿಗೆ ಮಾತ್ರ, ಅದೂ ದಪ್ಪಕ್ಷರದಲ್ಲಿ. ಉಳಿದದ್ದೆಲ್ಲ ಸ್ವಲ್ಪ ಮಾಸಿದ ಬಿಳುಪಿನಲ್ಲಿರಲಿ.